ಓದಿದ ಕಾದಂಬರಿ, ಬರೆಸಿದ ಅಭಿಪ್ರಾಯ

ಬೈಲಹೊಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ‘ಕಾದಂಬರಿಯ ಬಗ್ಗೆ ಅಭಿಪ್ರಾಯ ಬರೆಯುವುದು’ ಎಂಬ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಂಡೆ. ಸಿದ್ಧತೆಗೆಂದು ಎರಡು ಕಾದಂಬರಿ ಓದಿದೆ: ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮತ್ತು ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ರಾಘವೇಂದ್ರ ಪಾಟೀಲರ, 2005ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ತೇರು’.

‘ಘಾಚರ್ ಘೋಚರ್’ದಲ್ಲಿ ಬೆಂಗಳೂರಿನ ಸಾಧಾರಣ ಮನೆಯೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಆ ಚಿಕ್ಕಪ್ಪನನ್ನು ಹುಡುಕಿಕೊಂಡು ಸಾರು ತಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದಟ್ಟುವುದನ್ನು ಓದಿ, ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಕಥೆ ಹೇಳುವವನು ಏನನ್ನೂ ತಡೆಯುವುದಿಲ್ಲ ಎಂಬುದು ಮೊದಲು ಕೊರತೆ ಅನ್ನಿಸಿತ್ತು. ಎರಡನೆಯ ಸಲ ಓದಿದಾಗ ಆ ಸುಮ್ಮನಿರುವಿಕೆಗೂ ತಪ್ಪಿನಲ್ಲಿ ಪಾಲಿದೆ ಅನ್ನಿಸಿತು. ಗಂಡ ಹೆಂಡಿರ ಸಂಗತಿಗಳಿರುವುದರಿಂದ ತರಗತಿಗೆ ಅದನ್ನು ಒಯ್ಯಲಿಲ್ಲ.

ಒಯ್ದದ್ದು ‘ತೇರು’. ಅದರ ಮಾತು ನಮ್ಮ ಕಡೆಯದು. ತೇರು ಎಳೆಯದ ಮಕ್ಕಳು ಆ ತರಗತಿಯಲ್ಲಿ ಇರಲಿಲ್ಲ. ಧರಮನಟ್ಟಿಯ ವಿಠ್ಠಲನ ತೇರು ಕದಲುವುದಿಲ್ಲ. ಬಲಿ ಬೇಕೆಂದಾಗ ಬಡ ಗೊಂದಲಿಗರ ಮನೆಯವರು ಮಗನನ್ನು ಕೊಡುತ್ತಾರೆ. ಬದಲಿಗೆ ಹೊಲ ಸಿಗುತ್ತದೆ. ಮುಂದೆ ಆ ವಂಶದವರು ವರುಷ ವರುಷ ತೇರಿಗೆ ತಮ್ಮ ನೆತ್ತರಿನ ತಿಲಕ ಇಡಬೇಕು. ಇಷ್ಟು ಕಥೆ ಹೇಳಿ, ಕೆಲವು ಪುಟ ಓದಿ, ಅಭಿಪ್ರಾಯ ಬರೆಯಲು ಹೇಳಿದೆ.

ಹೆಚ್ಚು ಕಡಿಮೆ ಎಲ್ಲರೂ ಒಂದನ್ನೇ ಬರೆದರು: ‘ಕಾದಂಬರಿ ಚೆನ್ನಾಗಿದೆ. ನಾವು ಮೂಢನಂಬಿಕೆ ಬಿಡಬೇಕು.’ ಬರೆಯದೆ ಏನು ಮಾಡಿಯಾರು? ಪಾಠಯೋಜನೆಯ ಉದ್ದೇಶಗಳಲ್ಲಿ ‘ಮೂಢನಂಬಿಕೆಯ ನಿವಾರಣೆ’ ಎಂದು ಬರೆದುಕೊಂಡು, ಅದನ್ನೇ ಕಪ್ಪುಹಲಗೆಯ ಮೇಲೂ ಬರೆದಿದ್ದವನು ನಾನು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ: “ಸರ್, ಅವ್ರು ದೇವ್ರನ್ನ ನಂಬಿ ಮಗನ್ನ ಕೊಟ್ರೇನ್ರಿ? ಹೊಲಾ ಇರ್ಲಿಲ್ಲಂತ ಕೊಟ್ರಲ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆದದ್ದು ಪುಣ್ಯ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು ಬರೆದದ್ದು ಒಂದೇ ಸಾಲು: ‘ನಿಮ್ಮ ಅಭಿಪ್ರಾಯವನ್ನು ಮಕ್ಕಳ ಕೈಯಿಂದ ಬರೆಸಿದ್ದೀರಿ.’ ನಿಜ ಹೇಳಬೇಕೆಂದರೆ ಅದು ನನ್ನದೂ ಆಗಿರಲಿಲ್ಲ. ಪರೀಕ್ಷೆಗಳಲ್ಲಿ ಬರೆದು ಬರೆದು ಕೈಗೆ ರೂಢಿಯಾದ ವಾಕ್ಯ. ಓದುವಾಗ ನನ್ನನ್ನು ಕಾಡಿದ್ದು ಆ ಹೊಲವೇ. ಯೋಜನೆ ಬರೆಯಲು ಕೂತಾಗ ಅದನ್ನು ಬಿಟ್ಟಿದ್ದೆ.

ಮರುದಿನ ಹಲಗೆಯ ಮೇಲೆ ಏನೂ ಬರೆಯಲಿಲ್ಲ. “ಕಥೆಯೊಳಗ ನಿಮಗ ಸಿಟ್ಟು ಬಂದದ್ದು ಎಲ್ಲಿ? ಯಾರ ಮ್ಯಾಲೆ?” ಎಂದಷ್ಟೇ ಕೇಳಿದೆ. ಊರ ದೊಡ್ಡವರ ಮೇಲೆ ಎಂದರು ಕೆಲವರು. ಅಪ್ಪನ ಮೇಲೆ ಎಂದರು ಹಲವರು. ಜಗಳವೇ ಆಯಿತು. ವ್ಯಾಕರಣದ ತಪ್ಪುಗಳು ಹಿಂದಿನ ದಿನಕ್ಕಿಂತ ಹೆಚ್ಚಿದ್ದವು, ತಿದ್ದಲು ಎರಡು ದಿನ ಹಿಡಿಯಿತು. ಒಬ್ಬ ಹುಡುಗಿ ಎರಡೇ ಸಾಲು ಬರೆದಿದ್ದಳು: ‘ಸರ್ ಹೇಳಿದ ಕಥೆಯಲ್ಲಿ ಹುಡುಗನ ಅವ್ವನ ಮಾತೇ ಬರಲಿಲ್ಲ. ಅದಕ್ಕೆ ನನಗೆ ಸರ್ ಮೇಲೆ ಸಿಟ್ಟು ಬಂತು.’

ಆ ರಾತ್ರಿ ‘ತೇರು’ ಮತ್ತೆ ತೆರೆದು, ಮೊದಲ ಪುಟದಿಂದ ಓದತೊಡಗಿದೆ.