ಚರ್ಚೆ ಟಿವಿಯೊಳಗೇ ಮುಗಿಯದಿರಲಿ

ಹೊರ್ತಿಯ ಹುಡುಗರೇ, ಹುಡುಗಿಯರೇ, ರಾತ್ರಿಯಾದರೆ ಮನೆಮನೆಯಲ್ಲಿ ನ್ಯೂಸ್ ಚಾನೆಲ್ಲಿನ ರಾಜಕೀಯ ಚರ್ಚೆ ಶುರುವಾಗುತ್ತದೆ. ನಾಲ್ಕೈದು ಮಂದಿ ಒಮ್ಮೆಗೇ ಕೂಗುತ್ತಾರೆ, ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ. ಬೆಳಗಾಗುವುದರೊಳಗೆ ಅದರದೊಂದು ತುಣುಕು ನಿಮ್ಮ ಮೊಬೈಲಿಗೆ ಬಂದಿರುತ್ತದೆ. ಅದರ ಬೆನ್ನಿಗೇ ಗೆಳೆಯರ ನಡುವೆ ಮನಸ್ತಾಪ. ಇದೇ ನನ್ನ ಚಿಂತೆ.

ಹಿಂದೆ ಕಟ್ಟೆಯ ಮೇಲೆ ಒಬ್ಬ ‘ಸಂಯುಕ್ತ ಕರ್ನಾಟಕ’ ಓದುತ್ತಿದ್ದ, ಹತ್ತು ಮಂದಿ ಕೇಳುತ್ತಿದ್ದರು. ಕಾಂಗ್ರೆಸ್ಸಿನವರು, ಜನತಾ ಪಕ್ಷದವರು ಅಲ್ಲೇ ಕೂತು ಬಿರುಸಾಗಿ ವಾದಿಸುತ್ತಿದ್ದರು. ಆದರೆ ನಾಳೆ ಬಿತ್ತಲು ಕೂರಿಗೆ ಕೇಳಬೇಕಾದದ್ದು ಎದುರು ವಾದಿಸಿದವರ ಮನೆಯಲ್ಲೇ. ಅದಕ್ಕೇ ನಾಲಿಗೆಗೆ ಹಿಡಿತವಿತ್ತು. ಹಾಗಂತ ಆ ಕಟ್ಟೆ ಎಲ್ಲರದೂ ಆಗಿರಲಿಲ್ಲ; ಹೆಣ್ಣುಮಕ್ಕಳಿಗೆ, ಕೇರಿಯವರಿಗೆ ಅಲ್ಲಿ ಜಾಗವಿರಲಿಲ್ಲ. ಟಿವಿ ಅವರಿಗೂ ಬಾಗಿಲು ತೆರೆಯಿತು. 2006ರ ಕೊನೆಗೆ ಟಿವಿ9 ಕನ್ನಡ ಬಂದಾಗ, ಮಂತ್ರಿಗಳನ್ನೇ ಎದುರು ಕೂಡಿಸಿ ಪ್ರಶ್ನೆ ಕೇಳುವುದನ್ನು ಕಂಡು ನಾನೂ ಹಿಗ್ಗಿದ್ದೆ.

ಆ ಹಿಗ್ಗು ಈಗ ಉಳಿದಿಲ್ಲ. ಚಾನೆಲ್ ನಡೆಯುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ಟಿಆರ್‌ಪಿ ನೋಡಿ. ಇಂಡಿಗೆ ವರದಿಗಾರನನ್ನು ಕಳಿಸಿ ಕಾಲುವೆ ನೋಡಿಸುವುದಕ್ಕಿಂತ, ಬೆಂಗಳೂರಿನ ಸ್ಟುಡಿಯೋದಲ್ಲಿ ನಾಲ್ವರನ್ನು ಕಾದಾಡಿಸುವುದು ಅಗ್ಗ. ಹಾಗಾಗಿ ಕುರ್ಚಿ ಯಾರಿಗೆ ಎಂಬ ಚರ್ಚೆ ತಿಂಗಳುಗಟ್ಟಲೆ ಎಳೆಯುತ್ತದೆ. ಹೊರ್ತಿ ರೇವಣಸಿದ್ದೇಶ್ವರ ಏತ ನೀರಾವರಿಯ ನೀರು ಯಾರ ಹೊಲಕ್ಕೆ, ಯಾವಾಗ? 2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ಬೆಲೆ ಬಿದ್ದಾಗ ಬೆಳೆಗಾರನ ಗತಿಯೇನು? ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರಿನಿಂದ 524.256ಕ್ಕೆ ನೀರು ಏರಿಸಿದರೆ ಮುಳುಗುವ ಊರವರ ಪಾಡೇನು? ಇವುಗಳಿಗೆ ಅರ್ಧ ಗಂಟೆ ಸಿಗುವುದೂ ಅಪರೂಪ.

ಟಿವಿ ನೋಡಬೇಡಿ ಎನ್ನುವುದಿಲ್ಲ. ನೋಡುವಾಗ ಒಂದು ರೂಢಿ ಬೆಳೆಸಿಕೊಳ್ಳಿ: ಇವತ್ತಿನ ಚರ್ಚೆಯಲ್ಲಿ ನನಗೆ ಹೊಸದಾಗಿ ತಿಳಿದದ್ದೇನು ಎಂದು ಕೇಳಿಕೊಳ್ಳಿ. ಏನೂ ಇಲ್ಲವೆನಿಸಿದರೆ ಆರಿಸಿ ಎದ್ದುಬಿಡಿ. ಪೂರ್ತಿ ನೋಡದ ತುಣುಕನ್ನು ಯಾರಿಗೂ ಕಳಿಸಬೇಡಿ. ಸುಳ್ಳೋ ದ್ವೇಷವೋ ಕಂಡರೆ, ಪ್ರಸಾರವಾದ 7 ದಿನದೊಳಗೆ ಚಾನೆಲ್ಲಿಗೇ ದೂರು ಬರೆಯಿರಿ. ಉತ್ತರ ಸಮಾಧಾನ ತರದಿದ್ದರೆ, ಸುದ್ದಿ ಚಾನೆಲ್ಲುಗಳ ಸಂಘದ ಸದಸ್ಯ ಚಾನೆಲ್ಲುಗಳ ಮೇಲಿನ ದೂರು ಕೇಳಲು ಎನ್‌ಬಿಡಿಎಸ್‌ಎ ಎಂಬ ಪ್ರಾಧಿಕಾರವಿದೆ.

ಇನ್ನೊಂದು ಮಾತು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅಲ್ಲಿ ಮೈಕು ನಿಮ್ಮ ಕೈಗೂ ಬರುತ್ತದೆ, ಉತ್ತರ ಕೊಡಬೇಕಾದ ಅಧಿಕಾರಿ ನಿಮ್ಮೆದುರೇ ಇರುತ್ತಾನೆ. ಮುಂದಿನ ಸಭೆ ಯಾವಾಗ ಎಂದು ನಾಳೆಯೇ ಪಂಚಾಯಿತಿಯಲ್ಲಿ ವಿಚಾರಿಸಿ. ಕೇಳಬೇಕಾದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು, ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.