ವಯಸ್ಕರಲ್ಲಿ ಆಹಾರ ಸೇವನೆಯ ವಿಕಾರಗಳು: ಕುಟುಂಬದವರು ತಿಳಿದಿರಬೇಕಾದ ವಿಷಯಗಳು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು ಊಟವಾಯಿತೇ ಎಂಬುದು. ಮುದ್ದೆ, ಉಪ್ಸಾರು, ಅನ್ನ, ಮಜ್ಜಿಗೆಗಳನ್ನು ಹಂಚಿಕೊಂಡು ಉಣ್ಣುವುದರಲ್ಲಿ ನಮ್ಮ ಬಂಧುತ್ವವು ಅಡಗಿದೆ. ಇಂತಹ ನಾಡಿನಲ್ಲಿ ಮನೆಯವರೊಬ್ಬರು ಎಲೆಯ ಮುಂದೆ ಕುಳಿತು ಉಣ್ಣಲಾರದೆ ಎದ್ದುಹೋದರೆ, ಅದನ್ನು ರೋಗವೆಂದು ಎಣಿಸುವವರು ವಿರಳ. ಹಟ, ಸೊಕ್ಕು, ಮುನಿಸು, ಗಾಳಿ ಸೋಕು ಎಂಬ ಹೆಸರುಗಳು ಮಾತ್ರ ಕೂಡಲೇ ದೊರೆಯುತ್ತವೆ. ಆದರೆ ಇದು ಜೀವಕ್ಕೆ ಅಪಾಯ ತರಬಲ್ಲ ಕಾಯಿಲೆಯೂ ಆಗಿರಬಹುದು. ಅದನ್ನು ಗುರುತಿಸುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಎರಡು ಉದಾಹರಣೆಗಳು

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಒಕ್ಕಲು ಮನೆಯನ್ನು ಊಹಿಸಿಕೊಳ್ಳಿ. ಹೊಸದಾಗಿ ಬಂದ ಸೊಸೆಗೆ 26 ವರ್ಷ. ತವರಿನಲ್ಲಿ ಆಕೆ ಬಾಲ್ಯದಿಂದಲೂ ಅನ್ನ, ಮೊಸರು, ಹುರಿಗಡಲೆ ಮುಂತಾದ ಕೆಲವೇ ಪದಾರ್ಥಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಉಣ್ಣುತ್ತಿದ್ದಳು. ಅನ್ನಕ್ಕೆ ಸಾರು ತಾಕಿದರೆ ಕೈಬಿಡುತ್ತಿದ್ದಳು. ತಾಯಿ ಇದನ್ನು ಅರಿತು ನಡೆಯುತ್ತಿದ್ದುದರಿಂದ ತೊಂದರೆಯಾಗಿರಲಿಲ್ಲ. ಗಂಡನ ಮನೆಯಲ್ಲಿ ಒಗ್ಗರಣೆಯ ಘಾಟು, ಪಾತ್ರೆಗಳ ಸದ್ದು, ಕಲಸಿ ಬಡಿಸಿದ ಊಟ, ಎಲ್ಲರ ದೃಷ್ಟಿ ತನ್ನ ತಟ್ಟೆಯ ಮೇಲಿದೆ ಎಂಬ ಅಳುಕು ಇವೆಲ್ಲವೂ ಒಟ್ಟಿಗೆ ಬಂದವು. ಆರು ತಿಂಗಳಲ್ಲಿ ಹತ್ತು ಕಿಲೋ ತೂಕ ಇಳಿಯಿತು, ಮುಟ್ಟು ನಿಂತಿತು. ಗರ್ಭವೆಂದು ಮನೆಯವರು ಹಿಗ್ಗಿದರು. ಪರೀಕ್ಷೆಯಲ್ಲಿ ಗರ್ಭವಿಲ್ಲವೆಂದು ತಿಳಿದಾಗ ತಾಯತ ಕಟ್ಟಿಸಿದರು. ಆಕೆ ಬಚ್ಚಲಿನಲ್ಲಿ ತಲೆಸುತ್ತಿ ಬಿದ್ದ ದಿನವೇ ಆಸ್ಪತ್ರೆಯ ನೆನಪಾದದ್ದು.

ಚಾಮರಾಜನಗರದಲ್ಲಿ ಅಂಗಡಿ ನಡೆಸುವ ನಲವತ್ತರ ಗೃಹಸ್ಥನೊಬ್ಬನನ್ನೂ ಊಹಿಸಿಕೊಳ್ಳಿ. ಹಗಲೆಲ್ಲ ಕೆಲಸದ ಗಡಿಬಿಡಿಯಲ್ಲಿ ಊಟವನ್ನೇ ಮರೆಯುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಟ್ಟೆ ಬಿರಿಯುವಂತೆ ತಿನ್ನುತ್ತಾನೆ. ಬಳಿಕ ನಾಚಿಕೆಯಿಂದ ಪೊಟ್ಟಣಗಳನ್ನು ಬಚ್ಚಿಡುತ್ತಾನೆ. ಬಾಯಿಚಪಲ ಎಂದು ಮನೆಯವರು ಹಂಗಿಸಿದಷ್ಟೂ ಆತನ ಗುಟ್ಟು ಹೆಚ್ಚುತ್ತದೆ.

ಈ ಇಬ್ಬರೂ ಊಹೆಯ ವ್ಯಕ್ತಿಗಳು. ಆದರೆ ಇಂತಹ ಸಂಕಟವು ನಿಮ್ಮ ಬೀದಿಯಲ್ಲಿಯೂ ಇರಬಹುದು.

ಮುಖ್ಯವಾದ ನಾಲ್ಕು ಬಗೆಗಳು

1. ಅನೊರೆಕ್ಸಿಯಾ ನರ್ವೋಸಾ: ಇಲ್ಲಿ ವ್ಯಕ್ತಿಯು ಆಹಾರವನ್ನು ಕಡಿಮೆ ಮಾಡುತ್ತಾ ಹೋಗಿ ತೀರ ಕೃಶನಾಗುತ್ತಾನೆ. ದಪ್ಪಗಾಗುವೆನೆಂಬ ಭಯವು ಸಾಮಾನ್ಯವಾಗಿ ಇರುತ್ತದೆ.

2. ಬುಲಿಮಿಯಾ ನರ್ವೋಸಾ: ಹತೋಟಿ ತಪ್ಪಿ ತಿಂದು, ಅನಂತರ ವಾಂತಿ ಮಾಡಿಕೊಳ್ಳುವುದು, ಭೇದಿಯ ಔಷಧ ಸೇವಿಸುವುದು ಅಥವಾ ಕಠಿಣ ಉಪವಾಸ ಮಾಡುವುದು. ಇಂಗ್ಲೆಂಡಿನ ಜೆರಾಲ್ಡ್ ರಸೆಲ್ ಎಂಬ ವೈದ್ಯರು 1979ರಲ್ಲಿ ಇದನ್ನು ಪ್ರತ್ಯೇಕ ವಿಕಾರವೆಂದು ವಿವರಿಸಿದರು.

3. ಅತಿಭಕ್ಷಣೆಯ ವಿಕಾರ: ಅಂಗಡಿಯ ಗೃಹಸ್ಥನಂತೆ, ಹತೋಟಿಯಿಲ್ಲದೆ ತಿಂದು ಮನಸ್ಸಿನಲ್ಲಿ ಕುಗ್ಗುವುದು.

4. ಆಹಾರ ವರ್ಜನೆಯ ವಿಕಾರ: ಇಲ್ಲಿ ದಪ್ಪಗಾಗುವ ಭಯವಿಲ್ಲ. ರುಚಿ, ವಾಸನೆ, ಮೃದುತ್ವ, ಲೋಳೆ ಮೊದಲಾದವು ಸಹಿಸಲಾರದಷ್ಟು ಬಾಧಿಸುವುದರಿಂದಲೋ, ಗಂಟಲಿಗೆ ಸಿಕ್ಕಿಕೊಂಡೀತೆಂಬ ಭೀತಿಯಿಂದಲೋ, ಹಸಿವೇ ತೋರದಿರುವುದರಿಂದಲೋ ಆಹಾರವು ದೂರವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ಇದನ್ನು 2013ರಲ್ಲಿ ತನ್ನ ರೋಗಪಟ್ಟಿಗೆ ಸೇರಿಸಿತು. 2022ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಇದು ಇದೆ. ಮೇಲಿನ ಸೊಸೆಯ ತೊಂದರೆ ಈ ಬಗೆಯದು.

ಇವೆಲ್ಲ ಪರದೇಶದ ಶ್ರೀಮಂತ ತರುಣಿಯರ ಕಾಯಿಲೆಗಳೆಂದು ಭಾವಿಸುವುದು ತಪ್ಪು. ಐವರು ತರುಣಿಯರ ವೃತ್ತಾಂತವನ್ನು ದೆಹಲಿಯ ವೈದ್ಯರು 1995ರಲ್ಲಿ ಪ್ರಕಟಿಸಿದರು. ಊಟದ ನಿರಾಕರಣೆ, ವಾಂತಿ, ತೂಕದ ಇಳಿಕೆ, ಮುಟ್ಟು ನಿಲ್ಲುವುದು ಅವರಲ್ಲಿ ಕಂಡುಬಂದಿದ್ದವು. ಆದರೆ ತಮ್ಮ ದೇಹವು ದಪ್ಪವಾಗಿದೆ ಎಂಬ ಭ್ರಮೆ ಅವರಲ್ಲಿ ಎದ್ದು ಕಾಣಲಿಲ್ಲ. ಆದುದರಿಂದ 'ತೆಳ್ಳಗಾಗುವ ಹುಚ್ಚು' ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸಬಾರದು.

ಮಿದುಳಿನ ಬೆಳವಣಿಗೆಯಲ್ಲಿ ಭಿನ್ನತೆ

ಎಲ್ಲರ ಮಿದುಳೂ ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಗ್ರಹಿಕೆ, ಗಮನ, ಒಡನಾಟಗಳ ರೀತಿ ಬೇರೆಯಾಗಿರುತ್ತದೆ. ಇದನ್ನು ನರವಿಕಾಸದ ಭಿನ್ನತೆ ಎನ್ನಬಹುದು. ಸ್ವಲೀನತೆ ಅಥವಾ ಆಟಿಸಂ ಇರುವವರಿಗೆ ಶಬ್ದ, ವಾಸನೆ, ಸ್ಪರ್ಶಗಳು ತೀವ್ರವಾಗಿ ತಟ್ಟಬಹುದು. ನಿಗದಿತ ಕ್ರಮವು ತಪ್ಪಿದರೆ ತಳಮಳವಾಗಬಹುದು. ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸ್ಥಿತಿ ಇರುವವರಿಗೆ ಕಾಲದ ಅರಿವು, ಯೋಜನೆ, ತಾಳ್ಮೆಗಳು ಕಷ್ಟ. ಇವು ಮಕ್ಕಳಿಗೆ ಮಾತ್ರ ಸೇರಿದವಲ್ಲ. ಆ ಮಕ್ಕಳೇ ಬೆಳೆದು ತಂದೆತಾಯಿಗಳೂ ಆಗುತ್ತಾರೆ. ಅನೇಕ ಹೆಂಗಸರು ಇತರರನ್ನು ನೋಡಿ ಅನುಕರಿಸುತ್ತಾ ತಮ್ಮ ಕಷ್ಟವನ್ನು ಮುಚ್ಚಿಕೊಳ್ಳುವುದರಿಂದ ನಡುವಯಸ್ಸಿನವರೆಗೂ ಗುರುತಿಸಲ್ಪಡುವುದಿಲ್ಲ.

ಈ ಭಿನ್ನತೆಗೂ ಆಹಾರದ ವಿಕಾರಕ್ಕೂ ನಂಟಿರಬಹುದೆಂಬ ಪ್ರಶ್ನೆಯನ್ನು ಸ್ವೀಡನ್ನಿನ ಮನೋವೈದ್ಯ ಕ್ರಿಸ್ಟೋಫರ್ ಗಿಲ್‌ಬರ್ಗ್ ಅವರು 1983ರಲ್ಲಿಯೇ ಎತ್ತಿದರು. ಅನೊರೆಕ್ಸಿಯಾಕ್ಕಾಗಿ ವಿಶೇಷ ಚಿಕಿತ್ಸಾಲಯಗಳಿಗೆ ಬರುವವರಲ್ಲಿ ಸ್ವಲೀನತೆಯ ಲಕ್ಷಣಗಳು ಜನಸಾಮಾನ್ಯರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕಂಡುಬರುತ್ತವೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಗಮನ ಕೊರತೆಯ ಸ್ಥಿತಿಗೆ ಅತಿಭಕ್ಷಣೆ ಮತ್ತು ಬುಲಿಮಿಯಾಗಳೊಡನೆ ಹೆಚ್ಚಿನ ನಂಟು.

ಇವೆರಡೂ ಒಟ್ಟಿಗೆ ಬರಲು ಕಾರಣಗಳೇನು?

ಮೊದಲನೆಯದು ಇಂದ್ರಿಯಗಳ ಸೂಕ್ಷ್ಮತೆ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಒಬ್ಬರಿಗೆ ಅದೇ ನೆಮ್ಮದಿ. ಇನ್ನೊಬ್ಬರಿಗೆ ಆ ಜಾರುವ ಸ್ಪರ್ಶವೇ ಹೊಟ್ಟೆ ತೊಳಸುವಂಥದು. ಬೆಂಡೆಕಾಯಿಯ ಲೋಳೆ, ಹುರುಳಿ ಬಸ್ಸಾರಿನ ವಾಸನೆ, ಕಲ್ಯಾಣ ಮಂಟಪದ ಪಂಕ್ತಿಯಲ್ಲಿನ ಗದ್ದಲ, ಬಡಿಸುವವರ ಬಲವಂತ ಇವು ಒಟ್ಟುಗೂಡಿದರೆ ಉಣ್ಣುವುದು ಅಸಾಧ್ಯವಾಗುತ್ತದೆ.

ಎರಡನೆಯದು ಒಳದೇಹದ ಅರಿವಿನ ವ್ಯತ್ಯಾಸ. ಕೆಲವರಿಗೆ ಹಸಿವು ಹಸಿವೆಂದು ತೋರುವುದೇ ಇಲ್ಲ. ಕೈ ನಡುಗಿ ತಲೆನೋವು ಬಂದ ಮೇಲೆಯೇ ಅವರಿಗೆ ಊಟದ ಜ್ಞಾಪಕ. ಹೊಟ್ಟೆ ತುಂಬಿದ ಅರಿವೂ ತಡವಾಗಬಹುದು.

ಮೂರನೆಯದು ಕ್ರಮದ ಆಸರೆ. ಜೀವನದಲ್ಲಿ ದೊಡ್ಡ ಬದಲಾವಣೆಯಾದಾಗ, ಎಂದರೆ ಮದುವೆ, ಬಾಣಂತನ, ಊರು ಬಿಡುವುದು ಮುಂತಾದ ಸಂದರ್ಭಗಳಲ್ಲಿ, ತಟ್ಟೆಯ ಮೇಲಿನ ಕಟ್ಟುನಿಟ್ಟೊಂದೇ ತಮ್ಮ ಹಿಡಿತದಲ್ಲಿದೆ ಎಂದು ಅನಿಸುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಅಮೆರಿಕದ ಮಿನ್ನೆಸೋಟಾದಲ್ಲಿ 1944-45ರಲ್ಲಿ ಆರೋಗ್ಯವಂತರಾದ 36 ಯುವಕರು ಸ್ವಇಚ್ಛೆಯಿಂದ ಅರೆಹೊಟ್ಟೆಯ ಪ್ರಯೋಗಕ್ಕೆ ಒಳಪಟ್ಟರು. ಕೆಲವು ತಿಂಗಳುಗಳಲ್ಲಿ ಅವರು ಮಂಕಾದರು, ಸಿಡುಕರಾದರು, ಜನರಿಂದ ದೂರವಾದರು. ಆಹಾರದ ವಿನಾ ಬೇರೆ ಚಿಂತೆಯೇ ಉಳಿಯಲಿಲ್ಲ. ಹಸಿವೇ ಮನಸ್ಸನ್ನು ಹೀಗೆ ಮಾರ್ಪಡಿಸಬಲ್ಲದು. ಆದುದರಿಂದ ಕೃಶರಾದವರಲ್ಲಿ ಕಾಣುವ ಮೌನ, ಹಟಗಳನ್ನೆಲ್ಲ ಸ್ವಲೀನತೆ ಎನ್ನಲಾಗದು. ಬಾಲ್ಯದ ನಡತೆ ಹೇಗಿತ್ತೆಂದು ವೈದ್ಯರು ಕೇಳುವುದು ಈ ಕಾರಣದಿಂದಲೇ. ತವರಿನವರು, ವಿಶೇಷವಾಗಿ ತಾಯಿ, ಜೊತೆಗೆ ಬಂದರೆ ಬಹಳ ಉಪಯೋಗವಾಗುತ್ತದೆ.

ದೇಹಕ್ಕೆ ಒದಗುವ ಹಾನಿ

ಆಹಾರದ ಕೊರತೆಯಿಂದ ರಕ್ತಹೀನತೆ, ಮುಟ್ಟು ನಿಲ್ಲುವಿಕೆ, ಎಲುಬು ಸವೆತ, ನಾಡಿ ನಿಧಾನವಾಗುವುದು, ಮೂರ್ಛೆ ಬರುವುದು ಇವು ಕಾಣಿಸುತ್ತವೆ. ಪದೇ ಪದೇ ವಾಂತಿ ಮಾಡಿಕೊಳ್ಳುವವರ ಹಲ್ಲಿನ ಹೊಳಪು ಸವೆಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಮನೋರೋಗಗಳ ಪೈಕಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ ಒಂದು.

ಕುಟುಂಬ ಯೋಜನೆಯನ್ನು ಅನುಸರಿಸುವ ದಂಪತಿಗಳು ಎರಡು ವಿಷಯಗಳನ್ನು ನೆನಪಿಡಬೇಕು. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲುವ ಸಂಭವವಿರುತ್ತದೆ. ನುಂಗುವ ಗರ್ಭನಿರೋಧಕ ಮಾತ್ರೆ ಸೇವಿಸಿದ ಸ್ವಲ್ಪ ಹೊತ್ತಿನಲ್ಲಿಯೇ ವಾಂತಿಯಾದರೆ ಮಾತ್ರೆ ಫಲಿಸದು. ಅಂಥವರು ಬೇರೆ ವಿಧಾನದ ಬಗ್ಗೆ ಆರೋಗ್ಯ ಸಹಾಯಕಿಯನ್ನು ಕೇಳಬೇಕು.

ವ್ರತವೋ, ರೋಗವೋ?

ಮಾದಪ್ಪನ ಹೆಸರಿನಲ್ಲಿ ಸೋಮವಾರ ಒಪ್ಪತ್ತು ಇರುವವರು, ಶಿವರಾತ್ರಿಗೆ ಉಪವಾಸ ಮಾಡುವವರು ನಮ್ಮಲ್ಲಿ ಬಹಳ. ಅದು ರೋಗವಲ್ಲ. ವ್ರತಕ್ಕೆ ಮೊದಲಿದೆ, ಕೊನೆಯಿದೆ; ಪಾರಣೆಯ ದಿನ ಮನೆಯವರೊಡನೆ ಸಂತೋಷದಿಂದ ಉಣ್ಣುವುದಿದೆ. ವ್ರತ ಮುಗಿದರೂ ಉಪವಾಸ ಮುಗಿಯದಿದ್ದರೆ, ಹೊಸ ಹೊಸ ವ್ರತಗಳು ಊಟ ತಪ್ಪಿಸುವ ನೆಪವಾದರೆ, ಉಣ್ಣಬೇಕಾದಾಗ ಭಯ ಹುಟ್ಟಿದರೆ, ಅಲ್ಲಿ ವೈದ್ಯರ ಸಲಹೆ ಅಗತ್ಯ.

ಮನೆಯವರ ಕರ್ತವ್ಯ

ಬಲವಂತವಾಗಿ ತಿನ್ನಿಸಬೇಡಿ, ತೂಕವನ್ನಾಗಲಿ ತಟ್ಟೆಯನ್ನಾಗಲಿ ಹಾಸ್ಯ ಮಾಡಬೇಡಿ, ನೆಂಟರೆದುರು ಚರ್ಚಿಸಬೇಡಿ. ಬಹುದಿನ ಉಣ್ಣದೆ ಸೊರಗಿದವರಿಗೆ ಒಮ್ಮೆಲೇ ಭರ್ಜರಿ ಊಟ ಕೊಡುವುದು ಅಪಾಯಕರ. ರಕ್ತದ ಲವಣಾಂಶಗಳು ಥಟ್ಟನೆ ಏರುಪೇರಾಗಿ ಪ್ರಾಣಕ್ಕೆ ಮುಳುವಾಗಬಹುದು. ಅಂಥವರ ಆಹಾರವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು.

ಅವರಿಗೆ ಒಗ್ಗುವ ಪದಾರ್ಥಗಳನ್ನು ಮೊದಲು ಉಳಿಸಿಕೊಡಿ. ಸಾರನ್ನು ಬೇರೆ ಬಟ್ಟಲಿನಲ್ಲಿ ಕೊಡಿ. ಊಟದ ಹೊತ್ತನ್ನೂ ಪದಾರ್ಥವನ್ನೂ ಮುಂಚಿತವಾಗಿ ತಿಳಿಸಿ. ಗದ್ದಲವಿಲ್ಲದ ಮೂಲೆಯಲ್ಲಿ ಉಣ್ಣಲು ಬಿಡಿ. ಹಸಿವು ತೋರದವರಿಗೆ, ಊಟ ಮರೆಯುವವರಿಗೆ ಗಡಿಯಾರವೇ ಹಸಿವಿನ ಸೂಚನೆಯಾಗಲಿ. ಹೊಸ ಪದಾರ್ಥವನ್ನು ಒಂದೊಂದಾಗಿ, ತುತ್ತಿನಷ್ಟು ಮಾತ್ರ, ಅವರ ಒಪ್ಪಿಗೆಯಿಂದ ಪರಿಚಯಿಸಿ. ಎಲ್ಲರಂತೆ ಉಣ್ಣಿಸುವುದು ನಮ್ಮ ಗುರಿಯಲ್ಲ. ದೇಹಕ್ಕೆ ಬೇಕಾದುದು ಸೇರಬೇಕು, ಮನಸ್ಸಿಗೆ ಭಯ ಕಳೆಯಬೇಕು, ಅಷ್ಟೇ.

ಚಿಕಿತ್ಸೆ ಎಲ್ಲಿ ದೊರೆಯುತ್ತದೆ?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಗುಂಡ್ಲುಪೇಟೆಯ ಸಾರ್ವಜನಿಕ ಆಸ್ಪತ್ರೆಗೆ ಹೋಗಿರಿ. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಗಳಿಂದಲೂ ತೂಕ ಇಳಿಯುವುದರಿಂದ ಅವುಗಳ ಪರೀಕ್ಷೆ ಅವಶ್ಯ. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ 'ಏನೂ ಇಲ್ಲ' ಎಂದು ಮರಳಬೇಡಿ. ಊಟದ ಸಂಗತಿಯನ್ನು ಬಿಚ್ಚಿ ಹೇಳಿ. ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಸಲಹೆ ಕೇಳಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಸ್ವಲೀನತೆಯ ಸಂಬಂಧದ ಸಲಹೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೂ ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು 2017ರ ಕಾಯಿದೆಯಂತೆ ಪ್ರತಿಯೊಬ್ಬರ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ.

ಮೂರ್ಛೆ, ಎದೆಬಡಿತದ ಏರುಪೇರು, ನೀರನ್ನೂ ಕುಡಿಯಲಾರದ ಸ್ಥಿತಿ, ಸಾಯುವ ಮಾತು ಇವುಗಳಲ್ಲಿ ಯಾವುದಾದರೂ ಕಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನನಕ್ಕೆ ಪ್ರಶ್ನೆಗಳು

1. ದಪ್ಪಗಾಗುವ ಭಯವಿಲ್ಲದೆಯೂ ಒಬ್ಬರು ಆಹಾರ ಬಿಡಲು ಕಾರಣಗಳೇನು?
2. ವೈದ್ಯರು ವಯಸ್ಕರ ಬಾಲ್ಯದ ನಡತೆಯನ್ನು ಏಕೆ ವಿಚಾರಿಸುತ್ತಾರೆ?
3. ಬಹಳ ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಉಣಿಸಬಾರದೇಕೆ?
4. ನಿಮ್ಮ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಕೊನೆಗೆ ಒಬ್ಬರೇ ಉಣ್ಣುವವರು ಯಾರು? ಅವರು ನಿಜವಾಗಿಯೂ ಉಣ್ಣುತ್ತಿದ್ದಾರೆಯೇ?

ಕೊನೆಯ ಪ್ರಶ್ನೆಗೆ ಉತ್ತರ ಈ ಪುಸ್ತಿಕೆಯಲ್ಲಿಲ್ಲ. ಇಂದಿನ ರಾತ್ರಿಯ ಊಟದ ಹೊತ್ತಿನಲ್ಲಿ ತಾವೇ ಅದನ್ನು ಕಂಡುಕೊಳ್ಳಬೇಕು.