ಮೇಳದ ಯಜಮಾನಿಕೆ: ಕೆರೆಮನೆಯ ನಿದರ್ಶನ

ನವಿ ಮುಂಬಯಿಯ ವಾಶಿಯಲ್ಲಿರುವ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರನ್ನಿಡಲಾಗಿದೆ. ಮರಾಠಿ ರಂಗಭೂಮಿಯ ಆದ್ಯ ಪ್ರವರ್ತಕರೆಂದು ಮನ್ನಣೆ ಪಡೆದ ಈ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಅದಕ್ಕೆ ಮೊದಲು ಹೊನ್ನಾವರ ಪ್ರಾಂತದ ಕರ್ಕಿಯಿಂದ ಬಂದ ಭಾಗವತರ ಮೇಳವೊಂದು ಸಾಂಗಲಿಯ ಸಂಸ್ಥಾನಿಕರ ಮುಂದೆ ಪ್ರಯೋಗ ನೀಡಿತ್ತೆಂಬುದನ್ನೂ, ಅದನ್ನು ಕಂಡ ದೊರೆ ಅಂಥದೊಂದನ್ನು ಮರಾಠಿಯಲ್ಲಿ ರಚಿಸುವಂತೆ ಭಾವೆಯವರಿಗೆ ಸೂಚಿಸಿದರೆಂಬುದನ್ನೂ ಆ ರಂಗಭೂಮಿಯ ಇತಿಹಾಸಕಾರರೇ ಹೇಳಿದ್ದಾರೆ. ಈ ಸಂಗತಿಯನ್ನು ಕನ್ನಡಿಗರು ಅಭಿಮಾನದಿಂದ ಸ್ಮರಿಸುವುದುಂಟು. ಆದರೆ ಯಾರು ಯಾರಿಂದ ಪಡೆದರೆಂಬ ಪ್ರಶ್ನೆಗಿಂತಲೂ ವಿಚಾರಾರ್ಹವಾದ ಇನ್ನೊಂದು ಪ್ರಶ್ನೆ ಇಲ್ಲಿದೆ. ಹಾಡು, ಕುಣಿತ, ಮಾತು, ವೇಷ ಇವೆಲ್ಲ ಒಂದಾಗಿರುವ ಗೇಯರೂಪಕದ ತಂಡವೊಂದನ್ನು ನಡೆಸುವವನು ಯಾರು? ಅವನ ಅಧಿಕಾರಕ್ಕೆ ಆಧಾರ ಯಾವುದು?

ಭಾವೆಯವರು ಪದ್ಯ ಕಟ್ಟುವವರೂ ತಂಡ ಕಟ್ಟುವವರೂ ಆಗಿದ್ದರು. ಅವರ ನಾಟಕಗಳಲ್ಲಿ ಪದ್ಯಗಳನ್ನು ಹಾಡುವ ಭಾರ ಸೂತ್ರಧಾರನದು. ಪಾತ್ರಧಾರಿಗಳದು ಅಭಿನಯ ಮತ್ತು ಆಶುಭಾಷಣ. ಈ ವಿನ್ಯಾಸ ಯಕ್ಷಗಾನವನ್ನು ಬಲ್ಲವರಿಗೆ ಪರಿಚಿತವೇ. 1851ರಲ್ಲಿ ಸಾಂಗಲಿಯ ದೊರೆ ತೀರಿಕೊಂಡ ಮೇಲೆ ಆಶ್ರಯ ತಪ್ಪಿ ಭಾವೆಯವರು ಊರೂರು ಸಂಚರಿಸಬೇಕಾಯಿತು. 1853ರಲ್ಲಿ ಮುಂಬಯಿಯಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರ ಮುಂದೆ ಆಡಿಸಿದರು. ರಾಜಾಶ್ರಯದಲ್ಲಿದ್ದ ಕವಿ ವ್ಯವಹಾರಸ್ಥನೂ ಆಗಲೇಬೇಕಾದ ಘಟ್ಟವಿದು. ಮುಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ 'ಸಂಗೀತ ಶಾಕುಂತಲ'ವನ್ನು ಪ್ರಯೋಗಿಸಿದಾಗ ಹಾಡು ಸೂತ್ರಧಾರನಿಂದ ಪಾತ್ರಧಾರಿಗೆ ವರ್ಗವಾಯಿತು. ಸೂತ್ರಧಾರ ನಾಂದಿ, ಪ್ರಸ್ತಾವನೆಗಳಿಗೆ ಸೀಮಿತನಾದ. ಆಟವನ್ನು ರಂಗದ ಮೇಲೆಯೇ ಕುಳಿತು ನಡೆಸುವವನೊಬ್ಬ ಅಲ್ಲಿಂದ ಮುಂದೆ ಆ ರಂಗಭೂಮಿಯಲ್ಲಿ ಉಳಿಯಲಿಲ್ಲ.

ಯಕ್ಷಗಾನದಲ್ಲಿ ಹೀಗಾಗಲಿಲ್ಲ. ಬಡಗುತಿಟ್ಟಿನ ಮೇಳಗಳಲ್ಲಿ ಭಾಗವತನನ್ನೇ 'ಮೊದಲನೆಯ ವೇಷ'ವೆಂದು ಎಣಿಸಿ, ಪ್ರಧಾನ ಪುರುಷವೇಷಧಾರಿಯನ್ನು 'ಎರಡನೆಯ ವೇಷ'ವೆಂದು ಕರೆಯುವ ರೂಢಿಯಿದೆ. ಬಣ್ಣ ಹಚ್ಚದ, ಗೆಜ್ಜೆ ಕಟ್ಟದ ವ್ಯಕ್ತಿಗೆ ಮೊದಲ ವೇಷದ ಪಟ್ಟ ನೀಡಿದ ಈ ಪರಿಭಾಷೆಯಲ್ಲಿ ಒಂದು ರಂಗತತ್ತ್ವವೇ ಅಡಗಿದೆ. ಪದ್ಯವನ್ನು ಎಲ್ಲಿ ಎತ್ತಬೇಕು, ಎಲ್ಲಿ ಹಿಗ್ಗಿಸಬೇಕು, ಅರ್ಥ ಅತಿಯಾದಾಗ ಎಲ್ಲಿ ತಡೆಯಬೇಕು ಎಂಬುದೆಲ್ಲ ಅವನ ಜಾಗಟೆಯ ಅಧೀನ. ಆದರೆ ಅವನ ಆಳ್ವಿಕೆ ಒಂದು ರಾತ್ರಿಯದು. ತಿರುಗಾಟದ ಆರೇಳು ತಿಂಗಳನ್ನು ಆಳುವವನು ಬೇರೆ. ಅವನೇ ಮೇಳದ ಯಜಮಾನ. ಆಟಕ್ಕೆ ವೀಳ್ಯ ಪಡೆಯುವುದು, ಕಲಾವಿದರಿಗೆ ಮುಂಗಡ ನೀಡುವುದು, ವೇಷಭೂಷಣದ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುವುದು, ಮುನಿದ ಕಲಾವಿದನನ್ನು ಚೌಕಿಗೆ ಮರಳಿ ಕರೆತರುವುದು ಅವನ ಕೆಲಸ. ಯಕ್ಷಗಾನ ವಿಮರ್ಶೆ ಭಾಗವತನನ್ನು ಕುರಿತು ಬರೆದಷ್ಟು ಯಜಮಾನನನ್ನು ಕುರಿತು ಬರೆದಿಲ್ಲ. ಲೆಕ್ಕದ ಪುಸ್ತಕವನ್ನು ಕಲೆಯ ಇತಿಹಾಸದ ಆಕರವೆಂದು ಭಾವಿಸಲು ನಮ್ಮ ವಿದ್ವತ್ತು ಏಕೋ ಹಿಂಜರಿದಿದೆ.

ಯಜಮಾನಿಕೆಯ ಸ್ವರೂಪ ಮೇಳದ ಆರ್ಥಿಕ ನೆಲೆಯನ್ನು ಅವಲಂಬಿಸುತ್ತದೆ. ಕಟೀಲು, ಮಂದಾರ್ತಿಗಳಂಥ ಹರಕೆಯ ಮೇಳಗಳಲ್ಲಿ ಆಟದ ವೆಚ್ಚ ಸೇವಾಕರ್ತರದು, ಪ್ರೇಕ್ಷಕರಿಗೆ ಟಿಕೆಟಿಲ್ಲ. ಡೇರೆಯ ಮೇಳದಲ್ಲಿ ಹಾಗಲ್ಲ. ಮಳೆ ಬಂದರೆ, ಪಕ್ಕದೂರಿನಲ್ಲಿ ಇನ್ನೊಂದು ಡೇರೆ ಎದ್ದರೆ, ಆ ರಾತ್ರಿಯ ನಷ್ಟ ಯಜಮಾನನ ತಲೆಗೇ. ಆದಕಾರಣ ಅವನು ಹೊಸ ಪ್ರಸಂಗಗಳನ್ನೂ, ಹೆಸರುವಾಸಿ ಕಲಾವಿದರನ್ನೂ ಅರಸುತ್ತಾನೆ. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರ ಕಂಠಕ್ಕಾಗಿಯೇ ಜನ ಡೇರೆಗೆ ಬರುತ್ತಿದ್ದರು. 1990ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡದ್ದು ಡೇರೆಯ ಮೇಳಗಳು ಒಬ್ಬನ ಮೇಲೆ ಎಷ್ಟು ಭಾರ ಹೊರಿಸಿದ್ದವೆಂಬುದನ್ನೂ ತೋರಿಸಿತು.

ಈ ಹಿನ್ನೆಲೆಯಲ್ಲಿ ಕೆರೆಮನೆಯ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ನೋಡಬೇಕು. ಕರ್ಕಿಯಿರುವ ಹೊನ್ನಾವರ ತಾಲೂಕಿನಲ್ಲಿಯೇ, ಗುಣವಂತೆಯ ಆಸುಪಾಸಿನಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇದನ್ನು ಸ್ಥಾಪಿಸಿದರು. ಇಲ್ಲಿ ಯಜಮಾನನೇ ಪ್ರಧಾನ ವೇಷಧಾರಿ. ಹಣ ಹೂಡುವ ಗೃಹಸ್ಥನೊಬ್ಬ ಕಲಾವಿದರನ್ನು ಕೂಡಿಸಿ ಮೇಳ ಹೊರಡಿಸುವ ಕ್ರಮಕ್ಕೂ ಇದಕ್ಕೂ ಇರುವ ಅಂತರ ಗಮನಾರ್ಹ. ಕೌರವನ ಪಾತ್ರದಿಂದ ಹೆಸರಾದ ಶಿವರಾಮ ಹೆಗಡೆಯವರು ಚೌಕಿಯಲ್ಲಿ ಮಾತಾಡಿದರೆ ಅದು ಸಂಬಳ ಕೊಡುವವನ ಮಾತೂ ಹೌದು, ಕಸುಬು ಬಲ್ಲವನ ಮಾತೂ ಹೌದು. ಹೀಗಾಗಿ ಪ್ರಸಂಗದ ಆಯ್ಕೆ, ಪಾತ್ರ ಹಂಚಿಕೆ, ವೇಷದ ಅಚ್ಚುಕಟ್ಟು ಒಂದೇ ಕೈಯಲ್ಲಿ ಉಳಿದವು. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಒಡೆಯನೇ ನಾಯಕನಟನಾದಲ್ಲಿ ಅವನ ಪಾತ್ರ ಬೆಳೆದು ಉಳಿದವರ ಪಾತ್ರ ಸೊರಗುವುದು ಸುಲಭ. ಕೆರೆಮನೆಯಲ್ಲಿ ಮಹಾಬಲ ಹೆಗಡೆ, ಗಜಾನನ ಹೆಗಡೆಯವರಂಥ ಸಮರ್ಥರು ಅದೇ ಮನೆತನದಲ್ಲಿದ್ದುದು ಈ ಅಪಾಯವನ್ನು ಬಹುಮಟ್ಟಿಗೆ ತಡೆಯಿತು.

1973ರಲ್ಲಿ ಹೊಣೆ ಶಂಭು ಹೆಗಡೆಯವರಿಗೆ ಬಂತು. 1938ರಲ್ಲಿ ಜನಿಸಿದ ಅವರು ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯ ಶಿಕ್ಷಣ ಪಡೆದಿದ್ದರು. ಪರಂಪರೆಯನ್ನು ಹೊರಗಿನಿಂದಲೂ ನೋಡುವ ದೃಷ್ಟಿ ಅವರಿಗೆ ಲಭಿಸಿತ್ತು. ಅವರು ಡೇರೆಯ ಆಟಗಳನ್ನೂ ನಡೆಸಿದರು, ಬಳಿಕ ಆ ಮಾರ್ಗವನ್ನು ಕೈಬಿಟ್ಟರು. ಅವರ ಯಜಮಾನಿಕೆಯ ಅತ್ಯಂತ ಮುಖ್ಯ ನಿರ್ಧಾರ ಇದೇ ಎನ್ನಬೇಕು. ಟಿಕೆಟ್ಟಿನ ಒತ್ತಡವನ್ನೂ ಹರಕೆಯ ಭದ್ರತೆಯನ್ನೂ ಬಿಟ್ಟ ಮೇಳಕ್ಕೆ ಉಳಿದದ್ದು ಆಹ್ವಾನದ ಪ್ರದರ್ಶನ, ಸಂಘಸಂಸ್ಥೆಗಳ ಬೆಂಬಲ ಮತ್ತು ಶಿಕ್ಷಣ. 1986ರಲ್ಲಿ ಗುಣವಂತೆಯಲ್ಲಿ ಆರಂಭವಾದ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಈ ನಿರ್ಧಾರದ ಮುಂದುವರಿಕೆಯಾಗಿ ಓದಬೇಕು. ಕಲಾವಿದನನ್ನು ಬೇರೆ ಮೇಳದಿಂದ ಹೆಚ್ಚು ಮುಂಗಡ ಕೊಟ್ಟು ಕರೆತರುವ ಯಜಮಾನನಿಗೂ, ಕಲಾವಿದನನ್ನು ತನ್ನಂಗಳದಲ್ಲೇ ತಯಾರಿಸುವ ಯಜಮಾನನಿಗೂ ವ್ಯತ್ಯಾಸವಿದೆ. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ದಿನಂಪ್ರತಿ ಹಳ್ಳಿಯ ಬಯಲಿನಲ್ಲಿ, ಬೆಳಗಿನವರೆಗೆ ಕುಳಿತ ಜನದ ಮುಂದೆ ಆಡುವ ಅವಕಾಶ ಇಂಥ ಮೇಳಕ್ಕೆ ಕಡಿಮೆ. ಆ ಜನದ ನಿದ್ದೆ, ಎಚ್ಚರ, ಗುಜುಗುಜುಗಳೇ ಹಿಂದೆ ಕಲಾವಿದನ ವಿಮರ್ಶಕರಾಗಿದ್ದವು.

ಒಡೆಯನೇ ಕಲಾವಿದನಾದರೆ ಸಾಕೇ ಎಂಬುದಕ್ಕೆ ನೆರೆಯ ರಂಗಭೂಮಿಯ ಒಂದು ನಿದರ್ಶನ ಸಾಲುತ್ತದೆ. ಬಾಲಗಂಧರ್ವರು 1913ರಲ್ಲಿ ಸಹಭಾಗಿಗಳೊಡನೆ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಸಹಭಾಗಿಗಳು ದೂರವಾದ ಮೇಲೆ ಒಬ್ಬರೇ ಒಡೆಯರಾದರು. ವೈಭವದ ಉಡುಗೆ, ಅತ್ತರುಗಳಿಗೆ ಮಿತಿಯಿಲ್ಲದೆ ವೆಚ್ಚಮಾಡಿ ಸಾಲದಲ್ಲಿ ಮುಳುಗಿದರು. ಅವರ ಗಾಯನದಲ್ಲಿ ಕೊರತೆಯಿರಲಿಲ್ಲ, ಲೆಕ್ಕದಲ್ಲಿತ್ತು. ಗುಬ್ಬಿ ವೀರಣ್ಣನವರೂ ವೈಭವಪ್ರಿಯರೇ. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದವರು. ಆದರೆ ಒಡೆಯರಾಗಿಯೂ ಅವರು ತಮಗೆ ಉಳಿಸಿಕೊಂಡದ್ದು ಹಾಸ್ಯಪಾತ್ರಗಳನ್ನು. ರಾಜನ ಕಿರೀಟವನ್ನು ಇನ್ನೊಬ್ಬನ ತಲೆಗಿಟ್ಟು ತಾನು 'ಸದಾರಮೆ'ಯ ಕಳ್ಳನಾಗಿ ನಗಿಸುವ ಒಡೆಯನ ಕಂಪನಿಯಲ್ಲಿ ಇತರರು ಬೆಳೆಯಲು ಎಡೆಯಿರುತ್ತದೆ. ಬಿ. ವಿ. ಕಾರಂತರಂಥವರು ಆ ಕಂಪನಿಯಿಂದ ಹೊರಟದ್ದು ಆಕಸ್ಮಿಕವಲ್ಲ.

ಮುಂಬಯಿ ಪರಿಸರ ಈ ಯಜಮಾನಿಕೆಗೆ ಇನ್ನೊಂದು ಪರೀಕ್ಷೆಯನ್ನು ಒಡ್ಡಿದೆ. ಕರಾವಳಿಯ ತಿರುಗಾಟ ಮುಗಿದ ಮಳೆಗಾಲದಲ್ಲಿ ಕಲಾವಿದರು ಈ ಕಡೆ ಬರುವುದು ರೂಢಿ. ಠಾಣೆಯ ಗಡಕರಿ ರಂಗಾಯತನವಾಗಲಿ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರವಾಗಲಿ ಗಂಟೆಯ ಲೆಕ್ಕದಲ್ಲಿ ದೊರೆಯುವ ಜಾಗ. ಶಹಾಡ್, ಡೊಂಬಿವಲಿಗಳಿಂದ ಬಂದ ಪ್ರೇಕ್ಷಕ ಕೊನೆಯ ಲೋಕಲ್ ಗಾಡಿ ತಪ್ಪುವ ಮುನ್ನ ಏಳಲೇಬೇಕು. ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಯಾವ ಪದ್ಯ ಬಿಡಬೇಕು? ಸಭಾಲಕ್ಷಣವನ್ನು ಪೂರ್ತಿ ಕೈಬಿಡಬಹುದೇ? ಒಡ್ಡೋಲಗವನ್ನು ಕತ್ತರಿಸಿದರೆ ಪಾತ್ರದ ಘನತೆ ಉಳಿಯುವುದೇ? ಇವು ವ್ಯವಹಾರದ ಪ್ರಶ್ನೆಗಳಂತೆ ಕಂಡರೂ ಕಾವ್ಯಮೀಮಾಂಸೆಯ ಪ್ರಶ್ನೆಗಳು. ಬಾಡಿಗೆಯ ಅವಧಿಯನ್ನು ಮಾತ್ರ ಬಲ್ಲವನು ಕಥೆಯನ್ನು ಉಳಿಸಿ ರಸವನ್ನು ಕತ್ತರಿಸುತ್ತಾನೆ. ಪದ್ಯದ ತೂಕ ಬಲ್ಲವನು ಕಥೆಯ ಒಂದು ಭಾಗವನ್ನೇ ಬಿಟ್ಟು ಒಂದು ಸನ್ನಿವೇಶಕ್ಕೆ ವಿಸ್ತಾರ ಕೊಡುತ್ತಾನೆ. ಕೆರೆಮನೆಯ ಮಿತಾವಧಿಯ ಪ್ರಯೋಗಗಳಲ್ಲಿ ಎರಡನೆಯ ಮಾರ್ಗ ಕಾಣುತ್ತದೆ.

2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷದಲ್ಲಿದ್ದಾಗಲೇ ಶಂಭು ಹೆಗಡೆಯವರು ಅಸ್ವಸ್ಥರಾಗಿ ನಿಧನರಾದರು. ಮೇಳವೊಂದರ ಪ್ರಧಾನ ವೇಷಧಾರಿ, ನಿರ್ದೇಶಕ, ಗುರು, ಯಜಮಾನ ಎಲ್ಲವೂ ಒಂದೇ ರಾತ್ರಿ ಇಲ್ಲವಾದ ಸಂದರ್ಭವದು. ಅವರ ಮಗ ಶಿವಾನಂದ ಹೆಗಡೆಯವರು ಮೇಳವನ್ನು ನಿಲ್ಲಿಸಲಿಲ್ಲ. ಮರುವರ್ಷದಿಂದಲೇ ತಂದೆಯ ಹೆಸರಿನ ನಾಟ್ಯೋತ್ಸವವನ್ನು ಗುಣವಂತೆಯಲ್ಲಿ ಆರಂಭಿಸಿದರು. ಅಲ್ಲಿಗೆ ಅನ್ಯ ಪ್ರಾಂತಗಳ ಕಲಾವಿದರು ಬಂದು ಆಡುತ್ತಾರೆ, ಕೇಂದ್ರದಲ್ಲಿ ಕಲಿಯುವ ಹುಡುಗರು ಕುಳಿತು ನೋಡುತ್ತಾರೆ.